ಆರ್‌ಜಿಪಿ ಲೆನ್ಸ್ ಫಿಟ್ಟಿಂಗ್: ಮೊದಲ ಅಳತೆಯಿಂದ ಕೊನೆಯ ತಪಾಸಣೆವರೆಗೆ

ಹಾಸನ, ಚಿಕ್ಕಮಗಳೂರು ಕಡೆಯ ಕಣ್ಣಿನ ಕ್ಲಿನಿಕ್ಕುಗಳಿಗೆ ಆರ್‌ಜಿಪಿ, ಅಂದರೆ ಅಂಗಡಿಗಳಲ್ಲಿ ಸೆಮಿ ಸಾಫ್ಟ್ ಎನ್ನುವ, ಆಮ್ಲಜನಕ ಹಾಯಿಸುವ ಗಟ್ಟಿ ಕಾಂಟ್ಯಾಕ್ಟ್ ಲೆನ್ಸಿಗಾಗಿ ಬರುವವರು ಹೆಚ್ಚಾಗಿ ಮೂರು ಬಗೆ. ಕೆರಟೋಕೋನಸ್ (ಕಣ್ಣಿನ ಮುಂದಿನ ಪಾರದರ್ಶಕ ಪದರವಾದ ಕಾರ್ನಿಯಾ ತೆಳುವಾಗಿ ಕೋನಿನಂತೆ ಉಬ್ಬುವ ಕಾಯಿಲೆ) ಇರುವ ಹದಿಹರೆಯದವರು, ಯುವಕರು. ಕಾರ್ನಿಯಾದ ಸಿಲಿಂಡರ್ (ಒಂದೊಂದು ದಿಕ್ಕಿನಲ್ಲಿ ಒಂದೊಂದು ಬಾಗು ಇರುವ ದೋಷ) ಜಾಸ್ತಿಯಾಗಿ ಕನ್ನಡಕದಲ್ಲಿ ಎಷ್ಟು ತಿದ್ದಿದರೂ ಅಕ್ಷರ ನೆರಳಾಡುವವರು. ಪೆಟ್ಟು ಬಿದ್ದೋ ಹುಣ್ಣಾಗಿಯೋ ಕಾರ್ನಿಯಾದ ಮೇಲ್ಮೈ ಏರುಪೇರಾದವರು. ಇವರಿಗೆ ಸಾಫ್ಟ್ ಲೆನ್ಸ್ ಉಪಯೋಗಕ್ಕೆ ಬರುವುದು ಕಡಿಮೆ, ಏಕೆಂದರೆ ಅದು ಕಾರ್ನಿಯಾದ ಆಕಾರವನ್ನೇ ತಾಳುತ್ತದೆ. ಗಟ್ಟಿ ಲೆನ್ಸ್ ತನ್ನ ಆಕಾರ ಬಿಡುವುದಿಲ್ಲ. ಲೆನ್ಸಿಗೂ ಕಾರ್ನಿಯಾಕ್ಕೂ ನಡುವಿನ ಸಂದನ್ನು ಕಣ್ಣೀರು ತುಂಬುತ್ತದೆ. ಕಣ್ಣೀರಿನ ವಕ್ರೀಭವನ ಸೂಚಿ 1.336, ಕಾರ್ನಿಯಾದ್ದು 1.376. ಇವೆರಡೂ ಇಷ್ಟು ಹತ್ತಿರ ಇರುವುದರಿಂದ ಕಾರ್ನಿಯಾದ ಮುಂಭಾಗದ ಸಿಲಿಂಡರಿನಲ್ಲಿ ಸುಮಾರು ಶೇ. 90ರಷ್ಟು ಅಲ್ಲೇ ಅಳಿದುಹೋಗುತ್ತದೆ.

ಆದರೆ ಲೆನ್ಸ್ ಸರಿಯಾಗಿ ಕೂತರೆ ಮಾತ್ರ. ಕಾರ್ನಿಯಾದ ಬಾಗು ಅಳೆಯುವ ಕೆರಟೋಮೀಟರಿನ ರೀಡಿಂಗನ್ನು ಫೋನಿನಲ್ಲಿ ಲ್ಯಾಬಿಗೆ ಹೇಳಿ ಲೆನ್ಸ್ ತರಿಸಿಕೊಡುವ ಪದ್ಧತಿ ಇನ್ನೂ ಅಲ್ಲಲ್ಲಿ ಇದೆ. ಅದನ್ನು ಬಿಡಬೇಕು. ಕೆರಟೋಮೀಟರ್ ಅಳೆಯುವುದು ಕಾರ್ನಿಯಾದ ನಡುವಿನ ಸುಮಾರು 3 ಮಿ.ಮೀ. ಭಾಗವನ್ನು, ಲೆನ್ಸ್ ಕೂರುವುದು 9 ಮಿ.ಮೀ.ಗಿಂತ ಅಗಲದ ಜಾಗದಲ್ಲಿ. ರೀಡಿಂಗಿನಿಂದ ಮೊದಲ ಟ್ರಯಲ್ ಲೆನ್ಸ್ ಯಾವುದೆಂದು ಗೊತ್ತಾಗುತ್ತದೆ, ಅಷ್ಟೆ. ಮುಂದಿನದನ್ನು, ನೀಲಿ ಬೆಳಕಿನಲ್ಲಿ ಹಸಿರಾಗಿ ಹೊಳೆಯುವ ಫ್ಲೋರೆಸೀನ್ ಬಣ್ಣವೂ ಮೇಲಿನ ರೆಪ್ಪೆಯೂ ತೋರಿಸಬೇಕು. ಕೊಪ್ಪ, ಮೂಡಿಗೆರೆ, ಸಕಲೇಶಪುರದ ಕಡೆಯಿಂದ ಬರುವವರಿಗೆ ಒಂದು ಸಲ ಹೆಚ್ಚಿಗೆ ಬರುವುದೆಂದರೆ ಒಂದು ದಿನದ ಕೂಲಿ ಹೋದಂತೆ. ಟ್ರಯಲ್‌ಗೆ ಇನ್ನೊಂದು ಗಂಟೆ ಕೊಟ್ಟರೆ ಆ ಓಡಾಟ ಉಳಿಯುತ್ತದೆ.

ಮೊದಲು ಕಣ್ಣು ಸಿದ್ಧವಾಗಿದೆಯೇ ನೋಡಿ

ಈಗಾಗಲೇ ಸಾಫ್ಟ್ ಲೆನ್ಸ್ ಹಾಕುತ್ತಿರುವವರು ಅಳತೆಗೆ ಒಂದು ವಾರ ಮೊದಲೇ ತೆಗೆದಿರಬೇಕು. ಗಟ್ಟಿ ಲೆನ್ಸ್ ಹಾಕುವವರಿಗೆ ಎರಡರಿಂದ ನಾಲ್ಕು ವಾರ ಬೇಕು. ಬೇರೆ ಬೇರೆ ದಿನ ತೆಗೆದ ಎರಡು ರೀಡಿಂಗ್ 0.50 ಡಯಾಪ್ಟರ್ ಒಳಗೆ ಹೊಂದಿಕೊಂಡರೆ ಕಾರ್ನಿಯಾ ನೆಲೆಗೆ ಬಂದಿದೆ ಎಂದುಕೊಳ್ಳಬಹುದು.

ಸ್ಲಿಟ್ ಲ್ಯಾಂಪಿನಲ್ಲಿ (ಕಣ್ಣು ನೋಡುವ ಸೂಕ್ಷ್ಮದರ್ಶಕ) ರೆಪ್ಪೆಯ ಅಂಚು, ಮೇಲಿನ ರೆಪ್ಪೆ ಮಗುಚಿ ಅದರ ಒಳಭಾಗ, ಕಾರ್ನಿಯಾದ ಸ್ಟೇನಿಂಗ್ (ಕೆಟ್ಟ ಜಾಗ ಬಣ್ಣ ಹಿಡಿಯುವುದು), ಕಣ್ಣೀರಿನ ಪೊರೆ ಒಡೆಯುವ ಸಮಯ, ಇಷ್ಟನ್ನೂ ನೋಡಿ. ಪೊರೆ 10 ಸೆಕೆಂಡಿಗೆ ಮೊದಲೇ ಒಡೆಯುತ್ತಿದ್ದರೆ ಒಣಕಣ್ಣಿನ ಚಿಕಿತ್ಸೆ ಮೊದಲು, ಲೆನ್ಸ್ ಆಮೇಲೆ. ಕಡೂರು, ಅರಸೀಕೆರೆಯಂಥ ಬಯಲುಸೀಮೆಯಲ್ಲಿ ಗಾಳಿ ಒಣ, ಧೂಳು ಜಾಸ್ತಿ. ಅಲ್ಲಿನವರ ವಿಷಯದಲ್ಲಿ ಈ ಪರೀಕ್ಷೆಯನ್ನು ಬಿಡಲೇಬಾರದು. ಬೇಸಿಗೆಯಲ್ಲಿ ಕಣ್ಣು ತುರಿಸಿ ಕೆಂಪಾಗುವ ಅಲರ್ಜಿಯ ಮಕ್ಕಳು ಹಲವರಿದ್ದಾರೆ, ಅವರಲ್ಲಿ ಕೆರಟೋಕೋನಸ್ ಕೂಡ ಇರಬಹುದು. ತುರಿಕೆ ಹತೋಟಿಗೆ ಬರುವ ತನಕ ಟ್ರಯಲ್ ಬೇಡ. ತುರಿಕೆ ನಿಲ್ಲದೆ ಲೆನ್ಸ್ ಹಾಕಿದರೆ ಲೆನ್ಸೂ ನಿಲ್ಲುವುದಿಲ್ಲ, ಕಣ್ಣುಜ್ಜುವುದೂ ತಪ್ಪುವುದಿಲ್ಲ.

ಕಾಫಿ ಕುಯ್ಲಿನ ತಿಂಗಳುಗಳಲ್ಲಿ, ಡಿಸೆಂಬರಿನಿಂದ ಫೆಬ್ರವರಿವರೆಗೆ, ತೋಟದ ಕೆಲಸದವರಿಗೆ ಹೊಸ ಲೆನ್ಸ್ ಶುರು ಮಾಡಿಸದಿರುವುದು ಒಳ್ಳೆಯದು. ಕಣದ ಧೂಳಿನಲ್ಲಿ ಲೆನ್ಸಿಗೆ ಒಗ್ಗಿಕೊಳ್ಳುವುದು ಕಷ್ಟ, ಮರುತಪಾಸಣೆಗೆ ಬರಲು ಪುರುಸೊತ್ತೂ ಇರುವುದಿಲ್ಲ.

ಕೈಗೆ ಸಿಗುವಂತೆ ಇಟ್ಟುಕೊಳ್ಳಬೇಕಾದದ್ದು

ಕೆರಟೋಮೀಟರ್, ಕೋಬಾಲ್ಟ್ ನೀಲಿ ಫಿಲ್ಟರ್ ಇರುವ ಸ್ಲಿಟ್ ಲ್ಯಾಂಪ್, ರಾಟನ್ 12 ಎಂಬ ಹಳದಿ ಫಿಲ್ಟರ್, ಫ್ಲೋರೆಸೀನ್ ಸ್ಟ್ರಿಪ್, ಬಿಡಿ ಪ್ಯಾಕಿನ ಸಲೈನ್, ಪಿಡಿ ಸ್ಕೇಲ್ (ಪಾಪೆಗಳ ನಡುವಿನ ಅಂತರ ಅಳೆಯುವ ಪಟ್ಟಿ), ಟ್ರಯಲ್ ಫ್ರೇಮ್. ಹಳದಿ ಫಿಲ್ಟರಿಗೆ ಹೆಚ್ಚು ದುಡ್ಡು ಆಗುವುದಿಲ್ಲ, ಆದರೂ ಎಷ್ಟೋ ಕಡೆ ಇರುವುದಿಲ್ಲ. ಅದಿಲ್ಲದೆ ಬಣ್ಣದ ಸೂಕ್ಷ್ಮ ವ್ಯತ್ಯಾಸ ಕಾಣುವುದಿಲ್ಲವಾದ್ದರಿಂದ ಬೇರೆ ಯಾವುದಕ್ಕೂ ಮೊದಲು ಅದನ್ನು ತರಿಸಿ.

ಟ್ರಯಲ್ ಸೆಟ್ ಎರಡು ಇದ್ದರೆ ಬಹುಪಾಲು ಕೆಲಸ ಆಗುತ್ತದೆ. ಒಂದು ಸಾಮಾನ್ಯ ಗೋಳಾಕಾರದ್ದು: ಬೇಸ್ ಕರ್ವ್ (ಲೆನ್ಸಿನ ಹಿಂಬದಿಯ ಬಾಗಿನ ತ್ರಿಜ್ಯ) 7.20ರಿಂದ 8.30 ಮಿ.ಮೀ., ಪ್ರತಿ ಲೆನ್ಸಿಗೂ 0.05 ಅಥವಾ 0.10 ವ್ಯತ್ಯಾಸ, ವ್ಯಾಸ 9.2ರಿಂದ 9.6, ಪವರ್ ಮೈನಸ್ 3.00. ಇನ್ನೊಂದು ಕೆರಟೋಕೋನಸ್‌ಗೆ. ಟ್ರಯಲ್ ಲೆನ್ಸ್‌ಗಳಲ್ಲಿ ಯುವಿ ತಡೆ ಇರಬಾರದು. ಇದ್ದರೆ ಫ್ಲೋರೆಸೀನಿನ ಹೊಳಪು ಕುಂದಿ ಲೆನ್ಸ್ ಕೆಳಗೆ ಕಪ್ಪಾಗಿ ಕಾಣಬಹುದು, ಫ್ಲ್ಯಾಟ್ (ಕಾರ್ನಿಯಾಕ್ಕಿಂತ ಚಪ್ಪಟೆ) ಆಗಿದೆ ಎಂದು ತಪ್ಪು ತಿಳಿಯುವಂತಾಗುತ್ತದೆ.

ಒಬ್ಬರಿಗೆ ಹಾಕಿದ ಟ್ರಯಲ್ ಲೆನ್ಸನ್ನು ಕ್ಲೀನರ್‌ನಿಂದ ಉಜ್ಜಿ, ಕಣ್ಣಿನ ಬಳಕೆಗೆಂದೇ ಬರುವ 3% ಹೈಡ್ರೋಜನ್ ಪೆರಾಕ್ಸೈಡಿನಲ್ಲಿ 3 ಗಂಟೆ ಮುಳುಗಿಸಿ, ಸಲೈನಿನಲ್ಲಿ ತೊಳೆದು, ಒರೆಸಿ ಒಣಗಿಸಿಡಬೇಕು. ಗಾಯಕ್ಕೆ ಹಚ್ಚುವ ಪೆರಾಕ್ಸೈಡ್ ಬೇಡ.

ಅಳತೆ

ಎರಡೂ ಕಣ್ಣಿನ ಕೆ ರೀಡಿಂಗ್ (ಅತಿ ಚಪ್ಪಟೆ, ಅತಿ ಬಾಗಿದ ಎರಡು ದಿಕ್ಕಿನ ಕೆರಟೋಮೀಟರ್ ಅಳತೆ) ಮೂರು ಸಲ ತೆಗೆದು ಸರಾಸರಿ ಬರೆದುಕೊಳ್ಳಿ. ಡಯಾಪ್ಟರನ್ನು ಮಿಲಿಮೀಟರಿಗೆ ತರಲು 337.5ನ್ನು ಅದರಿಂದ ಭಾಗಿಸಿ: 42.00 ಅಂದರೆ 8.04 ಮಿ.ಮೀ., 43.00 ಅಂದರೆ 7.85, 44.00 ಅಂದರೆ 7.67, 45.00 ಅಂದರೆ 7.50, 48.00 ಅಂದರೆ 7.03, 50.00 ಅಂದರೆ 6.75. ಕೆರಟೋಮೀಟರಿನ ಮೈರ್ ಎಂಬ ಬೆಳಕಿನ ಬಳೆಗಳು ಒಂದರೊಡನೊಂದು ಕೂಡದೆ ಸೊಟ್ಟಗೆ ಕಂಡರೆ ಅದನ್ನೂ ಬರೆಯಿರಿ, ಅದು ಕೆರಟೋಕೋನಸ್ಸಿನ ಮೊದಲ ಸೂಚನೆಯಾಗಿರಬಹುದು. ರೀಡಿಂಗ್ 52 ಡಯಾಪ್ಟರ್ ದಾಟಿ ಉಪಕರಣದ ಮಿತಿ ಮೀರಿದರೆ ರೋಗಿಯ ಕಡೆಯ ಕಿಂಡಿಗೆ ಪ್ಲಸ್ 1.25 ಲೆನ್ಸ್ ಅಂಟಿಸಿ ಅಳೆಯಿರಿ. ಹೀಗೆ ಸುಮಾರು 61ರವರೆಗೆ ಅಳೆಯಬಹುದು, ಆದರೆ ಬಂದ ಸಂಖ್ಯೆಯನ್ನು ಕೆರಟೋಮೀಟರ್ ಪಟ್ಟಿ ನೋಡಿ ತಿದ್ದಿಕೊಳ್ಳಬೇಕು.

ಕಪ್ಪುಗುಡ್ಡೆಯ ಅಡ್ಡಗಲವನ್ನು ಸ್ಕೇಲಿನಲ್ಲಿ ಅಳೆಯಿರಿ. ಸಾಮಾನ್ಯವಾಗಿ 11.5ರಿಂದ 12 ಮಿ.ಮೀ. ಇರುತ್ತದೆ, ಲೆನ್ಸಿನ ವ್ಯಾಸ ಅದಕ್ಕಿಂತ ಸುಮಾರು 2 ಮಿ.ಮೀ. ಕಡಿಮೆ. ಪಾಪೆಯನ್ನು ಮಂದ ಬೆಳಕಿನಲ್ಲೂ ಅಳೆಯಬೇಕು. ಲೆನ್ಸಿನ ಆಪ್ಟಿಕ್ ಜೋನ್, ಅಂದರೆ ಪವರ್ ಇರುವ ನಡುಭಾಗ, ಅದಕ್ಕಿಂತ ಅಗಲ ಇಲ್ಲದಿದ್ದರೆ ರಾತ್ರಿ ಎದುರು ಗಾಡಿಯ ಬೆಳಕು ಚೆದುರಿ ಕಾಣುತ್ತದೆ. ಚಾರ್ಮಾಡಿ, ಶಿರಾಡಿ ಘಾಟಿಯಲ್ಲಿ ರಾತ್ರಿ ಗಾಡಿ ಓಡಿಸುವ ಚಾಲಕರಿಗೆ ಇದು ಪ್ರಾಣದ ಪ್ರಶ್ನೆ.

ರೆಪ್ಪೆಯ ಜಾಗವನ್ನು ನೋಡಲು ಬಹಳ ಜನ ಮರೆಯುತ್ತಾರೆ. ಮೇಲಿನ ರೆಪ್ಪೆ ಕಾರ್ನಿಯಾದ ಮೇಲಂಚನ್ನು ಮುಚ್ಚಿಕೊಂಡಿದ್ದರೆ ಲೆನ್ಸ್ ರೆಪ್ಪೆಗೆ ಅಂಟಿಕೊಂಡು ಅದರ ಜೊತೆಯೇ ಓಡಾಡುವಂತೆ ಮಾಡಬಹುದು: ವ್ಯಾಸ 9.4ರಿಂದ 9.8, ಬೇಸ್ ಕರ್ವ್ ತುಸು ಫ್ಲ್ಯಾಟ್. ಪ್ರತಿ ಸಲ ಮಿಟುಕಿಸಿದಾಗ ರೆಪ್ಪೆ ಲೆನ್ಸಿನ ಅಂಚಿಗೆ ತಾಗುವುದು ತಪ್ಪುವುದರಿಂದ ಹಿತವಾಗಿರುತ್ತದೆ. ಸಾಧ್ಯವಿದ್ದ ಕಡೆಯೆಲ್ಲ ಇದೇ ಮೇಲು. ರೆಪ್ಪೆ ಕಾರ್ನಿಯಾದ ಅಂಚಿಗಿಂತ ಮೇಲೆಯೇ ನಿಂತಿದ್ದರೆ ಲೆನ್ಸ್ ಎರಡು ರೆಪ್ಪೆಗಳ ನಡುವೆ ಕೂರಬೇಕಾಗುತ್ತದೆ: ವ್ಯಾಸ 8.8ರಿಂದ 9.2, ತುಸು ಸ್ಟೀಪ್, ಅಂದರೆ ಹೆಚ್ಚು ಬಾಗಿದ್ದು.

ಮೊದಲ ಟ್ರಯಲ್ ಲೆನ್ಸ್

ಎರಡು ಕೆ ರೀಡಿಂಗಿನ ವ್ಯತ್ಯಾಸ 0.50 ಡಯಾಪ್ಟರ್ ಒಳಗಿದ್ದರೆ ಫ್ಲ್ಯಾಟ್ ಕೆಗೆ (ಎರಡರಲ್ಲಿ ಕಡಿಮೆಯ ರೀಡಿಂಗ್) ಸಮನಾದ ಬೇಸ್ ಕರ್ವ್. 0.50ರಿಂದ 2.00ರವರೆಗೆ ಇದ್ದರೆ ವ್ಯತ್ಯಾಸದ ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟನ್ನು ಫ್ಲ್ಯಾಟ್ ಕೆಗೆ ಕೂಡಿಸಿ.

ಉದಾಹರಣೆಗೆ ಒಂದು ಕಣ್ಣು: 180 ಡಿಗ್ರಿಯಲ್ಲಿ (ಅಡ್ಡಕ್ಕೆ) 43.50, 90ರಲ್ಲಿ (ಮೇಲೆ ಕೆಳಗೆ) 45.00. ಕನ್ನಡಕದ ಪವರ್ ಮೈನಸ್ 5.00, ಸಿಲಿಂಡರ್ ಮೈನಸ್ 1.50, ಆಕ್ಸಿಸ್ 180. ವ್ಯತ್ಯಾಸ 1.50, ಅದರ ಕಾಲು ಭಾಗ ಸುಮಾರು 0.37. ಹಾಗಾದರೆ ಲೆನ್ಸ್ 43.87ರ ಹತ್ತಿರ ಇರಬೇಕು. ಸೆಟ್ಟಿನಲ್ಲಿ 7.70 ಮಿ.ಮೀ. ತೆಗೆದುಕೊಳ್ಳಿ, ಅದು 43.83 ಡಯಾಪ್ಟರ್. ಮುಂದೆ ಪವರ್ ಲೆಕ್ಕಕ್ಕೂ ಇದೇ ಕಣ್ಣನ್ನು ಬಳಸೋಣ.

ಟ್ರಯಲ್ ಹಾಕುವುದು

ಮೊದಲ ಸಲ ಹಾಕಿಸಿಕೊಳ್ಳುವವರಿಗೆ ಏನಾಗುತ್ತದೆಂದು ಮುಂಚೆಯೇ ಹೇಳಿ: ಕಣ್ಣಿನಲ್ಲಿ ರೆಪ್ಪೆಗೂದಲು ಸಿಕ್ಕಿದಂತೆ ಅನ್ನಿಸುತ್ತದೆ, ನೀರು ಬರುತ್ತದೆ, ಕೆಳಗೆ ನೋಡಿದರೆ ಹಿತವಾಗುತ್ತದೆ. ಬಹಳ ನೀರು ಸುರಿದರೆ ಫ್ಲೋರೆಸೀನ್ ತೊಳೆದುಹೋಗಿ ಏನೂ ಓದಲಾಗುವುದಿಲ್ಲ. ಅಂಥವರಿಗೆ, ಅದರಲ್ಲೂ ಮಕ್ಕಳಿಗೆ, ಪ್ರೊಪರಕೇನ್ 0.5% ಒಂದು ಹನಿ ಹಾಕುವುದರಲ್ಲಿ ತಪ್ಪಿಲ್ಲ. ಆದರೆ ಆ ಹನಿಯ ಪರಿಣಾಮ ಇಳಿದ ಮೇಲೂ ಸ್ವಲ್ಪ ಹೊತ್ತು ಲೆನ್ಸ್ ಕಣ್ಣಿನಲ್ಲೇ ಇರಲಿ, ನಿಜವಾಗಿ ಹೇಗನ್ನಿಸುತ್ತದೆಂದು ಅವರಿಗೆ ತಿಳಿಯಬೇಕು. ಮರಗಟ್ಟಿಸುವ ಹನಿಯನ್ನು ಯಾವ ಕಾರಣಕ್ಕೂ ಮನೆಗೆ ಕೊಡಬೇಡಿ.

ಲೆನ್ಸನ್ನು ಕಂಡೀಷನಿಂಗ್ ಸೊಲ್ಯೂಷನ್‌ನಲ್ಲಿ ಒದ್ದೆ ಮಾಡಿ ತೋರುಬೆರಳ ತುದಿಯಲ್ಲಿಟ್ಟು, ಎರಡೂ ರೆಪ್ಪೆಗಳನ್ನು ರೆಪ್ಪೆಗೂದಲಿನ ಬುಡದಲ್ಲೇ ಹಿಡಿದು ಅಗಲಿಸಿ, ನೇರ ಕಾರ್ನಿಯಾದ ಮೇಲಿಡಿ. ಒಳಗೆ ಗಾಳಿಗುಳ್ಳೆ ಸಿಕ್ಕಿದರೆ ತೆಗೆದು ಮತ್ತೆ ಹಾಕಿ. 20ರಿಂದ 30 ನಿಮಿಷ ಕೂರಿಸಿ. ಈ ಸಮಯವನ್ನು ಕಡಿಮೆ ಮಾಡಬೇಡಿ. ಕಣ್ಣೀರು ಇಳಿಯುವ ಮೊದಲು ನೋಡಿದರೆ ಲೆನ್ಸ್ ಇರುವುದಕ್ಕಿಂತ ಸಡಿಲವಾಗಿ ಕಾಣುತ್ತದೆ.

ಫ್ಲೋರೆಸೀನ್ ಓದುವುದು

ಮೊದಲು ಬಿಳಿ ಬೆಳಕಿನಲ್ಲಿ ಚಲನೆ ನೋಡಿ. ಮಿಟುಕಿಸಿದ ಮೇಲೆ ಲೆನ್ಸ್ 1ರಿಂದ 2 ಮಿ.ಮೀ. ಚಲಿಸಿ, ನೇರ ಮೇಲೆ ಕೆಳಗೆ ಹೋಗಿ, ತಡವರಿಸದೆ ನಡುಜಾಗಕ್ಕೆ ಬರಬೇಕು. ಪಕ್ಕಕ್ಕೆ ಜಾರುತ್ತದೆಯೇ, ಒಂದೇ ಕಡೆ ನಿಲ್ಲುತ್ತದೆಯೇ, ಕೆಳಗೆ ಬಿದ್ದು ಅಲ್ಲೇ ಇರುತ್ತದೆಯೇ, ಬರೆದುಕೊಳ್ಳಿ.

ಆಮೇಲೆ ಸ್ಟ್ರಿಪ್ಪಿಗೆ ಒಂದು ಹನಿ ಸಲೈನ್ ಹಾಕಿ, ಕೊಡವಿ, ರೋಗಿ ಕೆಳಗೆ ನೋಡುವಾಗ ಮೇಲಿನ ಬಿಳಿಗುಡ್ಡೆಗೆ ತಾಗಿಸಿ. ಕಾರ್ನಿಯಾಕ್ಕೆ ತಾಗಿಸಬೇಡಿ. ಬಣ್ಣ ತುಂಬಾ ಆದರೆ ಎಲ್ಲವೂ ಹಸಿರಾಗಿ ಕಾಣುತ್ತದೆ, ಆಗ ಒಂದೆರಡು ನಿಮಿಷ ಕಾಯಿರಿ. ಲೆನ್ಸ್ ಸರಿದು ನಿಂತಿದ್ದರೆ ಕೆಳರೆಪ್ಪೆಯ ಮೂಲಕ ಮೆಲ್ಲಗೆ ತಳ್ಳಿ ಕಾರ್ನಿಯಾದ ನಡುವೆ ಹಿಡಿದು ಓದಬೇಕು. ಸರಿದ ಲೆನ್ಸಿನ ಕೆಳಗಿನ ಬಣ್ಣ ಬೇರೆಯೇ ಕತೆ ಹೇಳುತ್ತದೆ. ಫಿಟ್ಟಿಂಗಿನ ಅರ್ಧ ತಪ್ಪುಗಳು ಹುಟ್ಟುವುದು ಇಲ್ಲಿ.

ಕಣ್ಣೀರಿನ ಪದರ ಸುಮಾರು 20 ಮೈಕ್ರಾನಿಗಿಂತ ತೆಳುವಾದರೆ ಹಸಿರು ಕಣ್ಣಿಗೆ ಕಾಣುವುದಿಲ್ಲ. ಆದ್ದರಿಂದ ಕಪ್ಪು ಎಂದರೆ ಲೆನ್ಸ್ ತಾಗಿಯೇ ಇದೆ ಎಂದಲ್ಲ, ತಾಗಿದೆ ಅಥವಾ ಬಹಳ ಹತ್ತಿರ ಇದೆ ಎಂದಷ್ಟೆ. ಮಿಟುಕಿಸಿದಾಗ ಕಪ್ಪಿನೊಳಗೆ ಹಸಿರು ಸ್ವಲ್ಪ ನುಗ್ಗಿ ಹಿಂದೆ ಸರಿದರೆ ಅದು ಹಗುರ ಸ್ಪರ್ಶ. ಕಪ್ಪು ಅಲುಗಾಡದೆ, ಸುತ್ತ ಗೆರೆ ಎಳೆದಂತೆ ನಿಂತರೆ ಒತ್ತಡ ಜೋರಾಗಿದೆ.

ಒಳ್ಳೆಯ ಫಿಟ್ಟಿಂಗಿನಲ್ಲಿ ನಡುವೆ ತೆಳು ಹಸಿರು ಒಂದೇ ಸಮ ಹರಡಿರುತ್ತದೆ, ಅದರಾಚೆ ನಡುಪರಿಧಿಯಲ್ಲಿ ತುಸು ಕಪ್ಪು, ಅಂಚಿನಲ್ಲಿ ಸುತ್ತಲೂ ಸುಮಾರು 0.5 ಮಿ.ಮೀ. ಅಗಲದ ಗಾಢ ಹಸಿರು ಬಳೆ. ಈ ಬಳೆಯೇ ಲೆನ್ಸಿನ ಉಸಿರಾಟದ ದಾರಿ. ಇದರ ಮೂಲಕ ಕಣ್ಣೀರು ಒಳಗೆ ಬಂದು ಕೊಳೆ ಹೊರಹೋಗುತ್ತದೆ.

ಸ್ಟೀಪ್ ಆಗಿದ್ದರೆ ನಡುವೆ ಹಸಿರು ಕೆರೆಯಂತೆ ನಿಂತು, ಸುತ್ತ ಕಪ್ಪು ಬಳೆ ಬಿಗಿಯುತ್ತದೆ. ಅಂಚಿನ ಹಸಿರು ಕಿರಿದಾಗುತ್ತದೆ, ಲೆನ್ಸ್ ಅಲುಗುವುದೇ ಇಲ್ಲ, ನಡುವೆ ಗಾಳಿಗುಳ್ಳೆಯೂ ಇರಬಹುದು. ರೋಗಿ ಮೊದಲ ದಿನ ಇದನ್ನೇ ಹಿತ ಎನ್ನುತ್ತಾರೆ, ಏಕೆಂದರೆ ಲೆನ್ಸ್ ಓಡಾಡುವುದಿಲ್ಲ. ಆ ಮಾತನ್ನು ನಂಬಿ ಆರ್ಡರ್ ಮಾಡಬೇಡಿ, ಕೆಲವೇ ವಾರದಲ್ಲಿ ಕಣ್ಣು ಕೆಂಪಾಗುತ್ತದೆ. ಬೇಸ್ ಕರ್ವ್ 0.05ರಿಂದ 0.10 ಮಿ.ಮೀ. ಫ್ಲ್ಯಾಟ್ ಮಾಡಿ ಮತ್ತೆ ನೋಡಿ.

ಫ್ಲ್ಯಾಟ್ ಆಗಿದ್ದರೆ ತಿರುಗುಮುರುಗು: ನಡುವೆ ಕಪ್ಪು, ಸುತ್ತ ಅಗಲದ ಹಸಿರು, ಲೆನ್ಸ್ ಜಾಸ್ತಿ ಓಡಾಡಿ ಕೊನೆಗೆ ಒಂದು ಬದಿಗೆ ನಿಲ್ಲುತ್ತದೆ, ಕೆಳಅಂಚು ಎದ್ದುನಿಂತು ರೆಪ್ಪೆಗೆ ಚುಚ್ಚುತ್ತದೆ. 0.05ರಿಂದ 0.10 ಸ್ಟೀಪ್ ಮಾಡಿ.

ಸಿಲಿಂಡರ್ 180ರ ಆಸುಪಾಸಿನಲ್ಲಿ ಇರುವ ಕಣ್ಣಿನಲ್ಲಿ ಕಪ್ಪು ಪಟ್ಟಿ ಅಡ್ಡಕ್ಕೆ ಹರಡಿ ಮೇಲೆ ಕೆಳಗೆ ಹಸಿರು ತುಂಬಿರುತ್ತದೆ. ಪಟ್ಟಿ ನಡುವೆ ಸಣಕಲಾಗಿ ಎರಡು ತುದಿಯಲ್ಲಿ ದಪ್ಪಗಿದ್ದರೆ ಸಾಮಾನ್ಯವಾಗಿ ಫಿಟ್ಟಿಂಗ್ ಒಪ್ಪುವಂಥದ್ದು. ಮೇಲೆ ಕೆಳಗೆ ಅಂಚು ಎದ್ದು ಲೆನ್ಸ್ ತೂಗಾಡಿದರೆ ಗೋಳಾಕಾರದ ಲೆನ್ಸ್ ಆ ಕಣ್ಣಿಗೆ ಸಾಲದು.

ಬೇಸ್ ಕರ್ವ್ ಸರಿಯಿದ್ದೂ ಲೆನ್ಸ್ ಕೆಳಗೆ ಬಿದ್ದರೆ ಅಂಚಿನ ಕಡೆ ನೋಡಿ. ಪ್ಲಸ್ ಪವರ್ ಅಥವಾ ಮೈನಸ್ 1.50ರ ಒಳಗಿನ ಲೆನ್ಸಿನ ಅಂಚು ತೆಳು, ರೆಪ್ಪೆಗೆ ಹಿಡಿತ ಸಿಗುವುದಿಲ್ಲ. ಇದಕ್ಕೆ ಅಂಚು ದಪ್ಪಮಾಡುವ ಮೈನಸ್ ಕ್ಯಾರಿಯರ್ ಲೆಂಟಿಕ್ಯುಲರ್ ಎಂದು ಬರೆಸಿ. ಮೈನಸ್ 5.00ಕ್ಕಿಂತ ಜಾಸ್ತಿ ಪವರಿನಲ್ಲಿ ಅಂಚು ದಪ್ಪವಾಗಿ ರೆಪ್ಪೆ ಲೆನ್ಸನ್ನು ತೀರಾ ಮೇಲಕ್ಕೆ ಎಳೆಯುತ್ತದೆ ಅಥವಾ ಕೆಳಕ್ಕೆ ನೂಕುತ್ತದೆ. ಅಲ್ಲಿ ಅಂಚು ತೆಳುಮಾಡುವ ಪ್ಲಸ್ ಲೆಂಟಿಕ್ಯುಲರ್ ಬೇಕು. ವ್ಯಾಸ ಬದಲಿಸಬೇಕೆನಿಸಿದರೆ ನೆನಪಿಡಿ: ಆಪ್ಟಿಕ್ ಜೋನ್ 0.5 ಮಿ.ಮೀ. ಹಿಗ್ಗಿದರೆ ಲೆನ್ಸ್ ಬಿಗಿಯಾಗುತ್ತದೆ, ಹಾಗಾಗಿ ಬೇಸ್ ಕರ್ವ್ 0.05 ಫ್ಲ್ಯಾಟ್ ಮಾಡಿದರೆ ಮೊದಲಿನ ಫಿಟ್ಟಿಂಗೇ ಉಳಿಯುತ್ತದೆ.

ಪವರ್

ಫಿಟ್ಟಿಂಗ್ ಒಪ್ಪಿಗೆಯಾದ ಲೆನ್ಸಿನ ಮೇಲೆಯೇ ರಿಫ್ರಾಕ್ಷನ್ (ಪವರ್ ಪರೀಕ್ಷೆ, ಇದೇ ಓವರ್ ರಿಫ್ರಾಕ್ಷನ್) ಮಾಡಿ, ಅದಕ್ಕೆ ಮೊದಲಲ್ಲ. ಲೆಕ್ಕ ಬೇರೆಯಾಗಿ ಮಾಡಿ ಎರಡೂ ತಾಳೆಯಾಗುತ್ತವೆಯೇ ನೋಡುವುದು ಒಳ್ಳೆಯ ಅಭ್ಯಾಸ.

ನಮ್ಮ ಉದಾಹರಣೆಯ ಕಣ್ಣು: ಕನ್ನಡಕ ಕಣ್ಣಿಗಿಂತ 12 ಮಿ.ಮೀ. ಮುಂದಿದೆ. ಮೈನಸ್ 5.00 ಕಾರ್ನಿಯಾದ ಮೇಲೆ ಮೈನಸ್ 4.72 ಆಗುತ್ತದೆ. ಇನ್ನೊಂದು ಮೆರಿಡಿಯನ್ (ದಿಕ್ಕು), ಮೈನಸ್ 6.50, ಅಲ್ಲಿ ಮೈನಸ್ 6.03. ಅಂದರೆ ಕಾರ್ನಿಯಾದ ಮಟ್ಟದಲ್ಲಿ ಸಿಲಿಂಡರ್ 1.31. ಕೆರಟೋಮೀಟರ್ ತೋರಿಸಿದ್ದು 1.50. ವ್ಯತ್ಯಾಸ 0.19, ಉಳಿಕೆ ಸಿಲಿಂಡರ್ ಗಣನೆಗೆ ಬಾರದಷ್ಟು. ಲೆನ್ಸ್ ಫ್ಲ್ಯಾಟ್ ಕೆಗಿಂತ 0.33 ಡಯಾಪ್ಟರ್ ಸ್ಟೀಪ್, ಆದ್ದರಿಂದ ಅಷ್ಟೇ ಪ್ಲಸ್ ಕಣ್ಣೀರಿನ ಲೆನ್ಸ್ ಹುಟ್ಟುತ್ತದೆ, ಅದನ್ನು ಮೈನಸ್‌ನಿಂದ ತೂಗಿಸಬೇಕು: ಮೈನಸ್ 4.72ಕ್ಕೆ ಮೈನಸ್ 0.33 ಕೂಡಿಸಿದರೆ ಮೈನಸ್ 5.05, ಆರ್ಡರ್ ಮೈನಸ್ 5.00. ಟ್ರಯಲ್ ಲೆನ್ಸ್ ಮೈನಸ್ 3.00 ಇದ್ದುದರಿಂದ ಅದರ ಮೇಲೆ ಸುಮಾರು ಮೈನಸ್ 2.00 ಬರಬೇಕು. ಬೇರೆ ಬಂದರೆ ಲೆನ್ಸ್ ಎಡಬಲ ಅದಲು ಬದಲಾಗಿದೆಯೇ, ಪವರ್ ಗುರುತು ತಪ್ಪಾಗಿದೆಯೇ ನೋಡಿ.

ಆಮೇಲೆ ಫಿಟ್ಟಿಂಗ್ ಬದಲಿಸಿದರೆ: ಪ್ರತಿ 0.05 ಮಿ.ಮೀ.ಗೆ 0.25 ಡಯಾಪ್ಟರ್. ಸ್ಟೀಪ್ ಮಾಡಿದರೆ ಮೈನಸ್ ಕೂಡಿಸಿ, ಫ್ಲ್ಯಾಟ್ ಮಾಡಿದರೆ ಪ್ಲಸ್ ಕೂಡಿಸಿ. 7.70 ಬದಲು 7.60 ಕೊಡುವುದಾದರೆ ಪವರ್ ಮೈನಸ್ 5.50. ಈ ಲೆಕ್ಕ ಸಾಮಾನ್ಯ ಕಾರ್ನಿಯಾಗಳಿಗೆ. 7 ಮಿ.ಮೀ.ಗಿಂತ ಸ್ಟೀಪ್ ಇದ್ದಲ್ಲಿ ಎರಡೂ ಬೇಸ್ ಕರ್ವನ್ನು ಡಯಾಪ್ಟರಿಗೆ ತಂದು ಕಳೆಯುವುದೇ ಸರಿ.

ಓವರ್ ರಿಫ್ರಾಕ್ಷನ್ 4.00 ಮೀರಿದರೆ ಅದನ್ನೂ ಕಾರ್ನಿಯಾದ ಮಟ್ಟಕ್ಕೆ ಇಳಿಸಿಕೊಳ್ಳಬೇಕು. ಮೈನಸ್ 8.00 ಬಂದರೆ ಕೂಡಿಸಬೇಕಾದದ್ದು ಮೈನಸ್ 7.30.

ಸಿಲಿಂಡರ್ ಜಾಸ್ತಿ ಇದ್ದಾಗ

ಕಾರ್ನಿಯಾದ ಸಿಲಿಂಡರ್ 2.50 ದಾಟಿದರೆ ಗೋಳಾಕಾರದ ಲೆನ್ಸ್ ತೂಗಾಡುತ್ತದೆ, ಬಾಗುತ್ತದೆ. ಹಿಂಬದಿ ಟೋರಿಕ್ (ಹಿಂಬದಿಯಲ್ಲಿ ಎರಡು ಬಾಗು ಇರುವುದು) ಅಥವಾ ಬೈಟೋರಿಕ್ (ಎರಡೂ ಬದಿಯಲ್ಲಿ ಇರುವುದು) ಕೊಡಿ. 42.00 ಮತ್ತು 45.00 ಇರುವ ಕಣ್ಣಿಗೆ ಫ್ಲ್ಯಾಟ್ ಕಡೆ 0.25 ಕಡಿಮೆ, ಸ್ಟೀಪ್ ಕಡೆ 0.75 ಕಡಿಮೆ ಎಂದು ಹಿಡಿದರೆ 41.75 ಮತ್ತು 44.25, ಅಂದರೆ 8.08 ಮತ್ತು 7.63 ಮಿ.ಮೀ. ಪವರನ್ನು ಎರಡು ಮೆರಿಡಿಯನ್ನಿಗೂ ಬೇರೆ ಬೇರೆ ಲೆಕ್ಕ ಹಾಕಿ, ಎರಡಕ್ಕೂ ಕನ್ನಡಕ ಕಣ್ಣಿನಿಂದ ಇರುವ ದೂರದ ತಿದ್ದುಪಡಿ ಮಾಡಿ.

ಇದಕ್ಕೆ ವಿರುದ್ಧವಾದ ಕಣ್ಣೂ ಬರುತ್ತದೆ: ಕನ್ನಡಕದಲ್ಲಿ ಸಿಲಿಂಡರ್ 2.00, ಕೆರಟೋಮೀಟರಿನಲ್ಲಿ 0.25. ಸಿಲಿಂಡರ್ ಇರುವುದು ಕಣ್ಣಿನ ಒಳಗಿನ ಮಸೂರದಲ್ಲಿ. ಅಂಥವರಿಗೆ ಸಾದಾ ಆರ್‌ಜಿಪಿ ಆ ಸಿಲಿಂಡರನ್ನು ತಿದ್ದುವುದಿಲ್ಲ, ಸಾಫ್ಟ್ ಟೋರಿಕ್ ಸರಿ.

ಕೆರಟೋಕೋನಸ್

ಮೊದಲು ಮನೆಯವರಿಗೆ ಸ್ಪಷ್ಟವಾಗಿ ಹೇಳಬೇಕಾದ ಮಾತು: ಲೆನ್ಸ್ ದೃಷ್ಟಿ ಕೊಡುತ್ತದೆ, ಕಾಯಿಲೆ ನಿಲ್ಲಿಸುವುದಿಲ್ಲ. ಕಾಯಿಲೆ ಮುಂದುವರಿಯುತ್ತಿದ್ದರೆ ಅದನ್ನು ತಡೆಯಲು ಕಾರ್ನಿಯಾವನ್ನು ಗಟ್ಟಿಗೊಳಿಸುವ ಸಿ3ಆರ್ ಚಿಕಿತ್ಸೆ ಬೇಕಾಗಬಹುದು, ಅದನ್ನು ಟೋಪೋಗ್ರಫಿ (ಕಾರ್ನಿಯಾದ ಮೇಲ್ಮೈ ನಕ್ಷೆ) ಮಾಡಿಸಿ ಕಾರ್ನಿಯಾ ತಜ್ಞರು ತೀರ್ಮಾನಿಸಬೇಕು. ಸಿ3ಆರ್ ಆದವರಿಗೆ ತಜ್ಞರು ಒಪ್ಪಿದ ಮೇಲಷ್ಟೆ ಟ್ರಯಲ್.

ನ್ಯೂಜಿಲೆಂಡಿನ ಪಾಲ್ ರೋಸ್ ರೂಪಿಸಿದ ರೋಸ್ ಕೆ ಲೆನ್ಸ್ ಈ ಕಾಯಿಲೆಗೆ ಹೆಸರಾದದ್ದು. ಬೇಸ್ ಕರ್ವ್ ಸ್ಟೀಪ್ ಆದಷ್ಟೂ ಅದರ ಆಪ್ಟಿಕ್ ಜೋನ್ ಕಿರಿದಾಗುತ್ತದೆ, ಹೀಗಾಗಿ ಕೋನಿನ ಬುಡದಲ್ಲಿ ಕಣ್ಣೀರು ಕೆರೆಗಟ್ಟುವುದು ಕಡಿಮೆ. ಯಾವ ವಿನ್ಯಾಸವಾದರೂ ಓದುವ ಕ್ರಮ ಒಂದೇ.

ಆರಂಭದ ಹಂತದಲ್ಲಿ ಎರಡು ಕೆ ರೀಡಿಂಗಿನ ಸರಾಸರಿಯಿಂದ ಶುರು ಮಾಡಿ. 48.00 ಮತ್ತು 52.00 ಇದ್ದರೆ ಸರಾಸರಿ 50.00, ಲೆನ್ಸ್ 6.75. ಬೇಕಾದದ್ದು ಮೂರು ಕಡೆಯ ಹಗುರ ಸ್ಪರ್ಶ: ಕೋನಿನ ತುದಿಯಲ್ಲಿ 2ರಿಂದ 3 ಮಿ.ಮೀ. ಅಗಲದ, ಮಿಟುಕಿಸಿದಾಗ ತುಸು ಮಸುಕಾಗುವ ಕಪ್ಪು, ಜೊತೆಗೆ ನಡುಪರಿಧಿಯಲ್ಲಿ ಎರಡು ಬದಿ. ತುದಿಯ ಕಪ್ಪು 4 ಮಿ.ಮೀ. ಹರಡಿ ಗಾಢವಾಗಿದ್ದರೆ 0.10 ಸ್ಟೀಪ್ ಮಾಡುತ್ತ ಹೋಗಿ. ಅದನ್ನು ಹಾಗೇ ಬಿಟ್ಟರೆ ಕೋನಿನ ತುದಿ ಉಜ್ಜಿ ಉಜ್ಜಿ ಕಲೆಗಟ್ಟುತ್ತದೆ, ಆ ಕಲೆ ಹೋಗುವುದಿಲ್ಲ. ಫ್ಲ್ಯಾಟ್ ಲೆನ್ಸಿನಲ್ಲಿ ಒಂದು ಸಾಲು ಹೆಚ್ಚು ಓದುತ್ತಾರೆಂದು ಅದನ್ನೇ ಕೊಡುವುದು ತಪ್ಪು. ತುದಿಯಲ್ಲಿ ಹಸಿರು ನಿಂತು ಗುಳ್ಳೆ ಕಂಡರೆ ಹಿಂದಕ್ಕೆ, 0.10 ಫ್ಲ್ಯಾಟ್. ನಡುಭಾಗ ಸರಿಹೋದ ಮೇಲೆ ಅಂಚು: ಹಸಿರು ಬಳೆ 0.8 ಮಿ.ಮೀ. ಮೀರಿದರೆ ಎಡ್ಜ್ ಲಿಫ್ಟ್ (ಅಂಚು ಎದ್ದಿರುವ ಎತ್ತರ) ಕಡಿಮೆ, ಗೆರೆಯಷ್ಟೇ ಇದ್ದರೆ ಜಾಸ್ತಿ ಎಂದು ಬರೆಸಿ. ನಡುಭಾಗವನ್ನೂ ಅಂಚನ್ನೂ ಒಂದೇ ಸಲ ಬದಲಿಸಬೇಡಿ, ಯಾವುದರಿಂದ ಏನಾಯಿತೆಂದು ತಿಳಿಯದೆ ಹೋಗುತ್ತದೆ.

ನಡುವಿನಲ್ಲೇ ಚೂಪಾದ ಸಣ್ಣ ಕೋನಿಗೆ 8.6ರಿಂದ 8.8 ವ್ಯಾಸ, ಕೆಳಗೆ ಜೋತ ಅಗಲ ಕೋನಿಗೆ 9.2ರಿಂದ ಮೇಲೆ. ಕೋನು ತೀರಾ ಕೆಳಗಿದ್ದು ಲೆನ್ಸ್ ನಿಲ್ಲದಿದ್ದರೆ, ಅಥವಾ ತಾಳಿಕೆಯೇ ಆಗದಿದ್ದರೆ, ಕೆಳಗೆ ಕಡಿಮೆ ಪವರಿನ ಸಿಲಿಕಾನ್ ಹೈಡ್ರೋಜೆಲ್ ಸಾಫ್ಟ್ ಲೆನ್ಸ್ ಹಾಕಿ ಅದರ ಮೇಲೆ ಆರ್‌ಜಿಪಿ ಕೂರಿಸಬಹುದು. ಅದೂ ಆಗದಿದ್ದರೆ ಬಿಳಿಗುಡ್ಡೆಯ ಮೇಲೆ ಕೂರುವ ಸ್ಕ್ಲೀರಲ್ ಲೆನ್ಸಿಗೆ ಕಳಿಸಿ. ರಿಫ್ರಾಕ್ಷನ್‌ನಲ್ಲಿ 0.25ರ ಹೆಜ್ಜೆ ಇವರಿಗೆ ಗೊತ್ತಾಗುವುದಿಲ್ಲ, 1.00ರ ಹೆಜ್ಜೆಯಲ್ಲಿ ಶುರು ಮಾಡಿ.

ಒಂದು ದಿನ ಹಠಾತ್ತನೆ ನೋವು, ನೀರು, ಕಾರ್ನಿಯಾದಲ್ಲಿ ಬಿಳುಪು ಬಾವು ಕಂಡರೆ ಅದು ಹೈಡ್ರಾಪ್ಸ್. ಲೆನ್ಸ್ ನಿಲ್ಲಿಸಿ ಅದೇ ದಿನ ನೇತ್ರ ತಜ್ಞರ ಬಳಿ ಕಳಿಸಿ.

ಆರ್ಡರ್ ಬರೆಯುವುದು, ಬಂದ ಲೆನ್ಸ್ ಪರೀಕ್ಷಿಸುವುದು

ಆರ್ಡರಿನಲ್ಲಿ ಬೇಸ್ ಕರ್ವ್, ವ್ಯಾಸ, ಪವರ್, ಆಪ್ಟಿಕ್ ಜೋನ್, ಎಡ್ಜ್ ಲಿಫ್ಟ್, ಮೆಟೀರಿಯಲ್, ಬಣ್ಣ ಇರಲಿ. ಬಲಗಣ್ಣಿನ ಲೆನ್ಸಿಗೆ ಚುಕ್ಕಿ ಹಾಕಿಸಿ. ಟ್ರಯಲ್ ಸೆಟ್ ಯಾವ ಕಂಪನಿಯದೋ ಆರ್ಡರೂ ಅದೇ ವಿನ್ಯಾಸಕ್ಕೆ ಹೋಗಬೇಕು, ಇಲ್ಲದಿದ್ದರೆ ಅಂಚು ಬೇರೆಯಾಗಿ ಫಿಟ್ಟಿಂಗ್ ಕೆಡುತ್ತದೆ. ಮೆಟೀರಿಯಲ್‌ನ ಆಮ್ಲಜನಕ ಹಾಯಿಸುವ ಶಕ್ತಿಯನ್ನು ಡಿಕೆ ಎನ್ನುತ್ತಾರೆ: ಬಾಸ್ಟನ್ ಇಎಸ್ 18, ಇಒ 58, ಎಕ್ಸ್‌ಒ 100. ಹಗಲಿಡೀ ಹಾಕುವ ಕೆರಟೋಕೋನಸ್ ಯುವಕರಿಗೆ 100ರ ಆಸುಪಾಸು ಸೂಕ್ತ. ಡಿಕೆ ಜಾಸ್ತಿಯಾದಷ್ಟೂ ಲೆನ್ಸ್ ಬೇಗ ಗೀಚುತ್ತದೆ, ಬಾಗುತ್ತದೆ ಎಂಬುದೂ ಗೊತ್ತಿರಲಿ.

ಲೆನ್ಸ್ ಬಂದ ಕೂಡಲೇ ಲೆನ್ಸೋಮೀಟರಿನಲ್ಲಿ ಪವರ್, ವಿ ಗೇಜಿನಲ್ಲಿ ವ್ಯಾಸ, ಸ್ಲಿಟ್ ಲ್ಯಾಂಪಿನಲ್ಲಿ ಅಂಚು ನೋಡಿ. ರೇಡಿಯಸ್ಕೋಪ್ ಇದ್ದರೆ ಬೇಸ್ ಕರ್ವ್ ಅಳೆಯಿರಿ, 0.05 ಮಿ.ಮೀ. ಒಳಗಿನ ವ್ಯತ್ಯಾಸ ಒಪ್ಪಬಹುದು. ಒಣದಾಗಿ ಬಂದ ಲೆನ್ಸನ್ನು ಕೊಡುವ ಹಿಂದಿನ ದಿನವೇ ಕಂಡೀಷನಿಂಗ್ ಸೊಲ್ಯೂಷನ್‌ನಲ್ಲಿ ನೆನೆಹಾಕಿ. ಇದನ್ನು ಮಾಡದೆ ಕೊಟ್ಟರೆ ಲೆನ್ಸ್ ಮೇಲೆ ಕಣ್ಣೀರು ನಿಲ್ಲದೆ ಮಂಜು ಮಂಜಾಗುತ್ತದೆ.

ಕೊಡುವ ದಿನ

ಹಾಕುವುದು, ತೆಗೆಯುವುದು ಎರಡನ್ನೂ ಅವರೇ ನಿಮ್ಮೆದುರು ಮೂರು ಸಲ ಮಾಡಿ ತೋರಿಸುವ ತನಕ ಲೆನ್ಸ್ ಮನೆಗೆ ಕೊಡಬೇಡಿ. ತೆಗೆಯಲು: ಕಣ್ಣು ಅಗಲ ತೆರೆದು, ನೇರ ನೋಡಿ, ಕಣ್ಣಿನ ಹೊರಮೂಲೆಯನ್ನು ಕಿವಿಯ ಕಡೆಗೆ ಎಳೆದು ಮಿಟುಕಿಸುವುದು. ಬಾರದಿದ್ದರೆ ಒದ್ದೆ ಮಾಡಿದ ರಬ್ಬರ್ ಸಕ್ಕರ್. ಸಕ್ಕರ್ ಇಡುವ ಮೊದಲು ಲೆನ್ಸ್ ಕಾರ್ನಿಯಾದ ಮೇಲಿದೆಯೇ ಎಂದು ಕನ್ನಡಿಯಲ್ಲಿ ನೋಡಬೇಕು. ಲೆನ್ಸ್ ಬಿಳಿಗುಡ್ಡೆಗೆ ಸರಿದರೆ ಗಾಬರಿ ಬೇಡ, ಕಣ್ಣಿನ ಹಿಂದಕ್ಕೆ ಹೋಗಲು ದಾರಿಯೇ ಇಲ್ಲ.

ಮೊದಲ ದಿನ 3ರಿಂದ 4 ಗಂಟೆ, ಆಮೇಲೆ ದಿನಕ್ಕೆ ಒಂದೆರಡು ಗಂಟೆ ಹೆಚ್ಚಿಸುತ್ತ ಎರಡು ವಾರದಲ್ಲಿ ಪೂರ್ತಿ ದಿನ. ಮಲಗುವಾಗ ತೆಗೆಯಬೇಕು.

ನೀರಿನ ಮಾತನ್ನು ಎರಡು ಸಲ ಹೇಳಿ. ಬೋರ್‌ವೆಲ್, ಬಾವಿ, ತೋಟದ ಹಳ್ಳ, ನಲ್ಲಿ, ಫಿಲ್ಟರ್, ಕುದಿಸಿ ಆರಿಸಿದ್ದು, ಯಾವ ನೀರೂ ಲೆನ್ಸಿಗಾಗಲಿ ಡಬ್ಬಿಗಾಗಲಿ ತಾಗಬಾರದು. ನೀರಿನಲ್ಲಿರುವ ಅಕಾಂತಅಮೀಬ ಎಂಬ ಜೀವಿ ಕಾರ್ನಿಯಾಕ್ಕೆ ಸೇರಿದರೆ ವಾಸಿಯಾಗಲು ತಿಂಗಳುಗಟ್ಟಲೆ ಹಿಡಿಯುತ್ತದೆ, ದೃಷ್ಟಿಯೂ ಹೋಗಬಹುದು. ಕ್ಲೀನರ್ ತೊಳೆಯಲು ಸಲೈನ್ ಮಾತ್ರ, ರಾತ್ರಿ ನೆನೆಸಲು ಹೊಸ ಸೊಲ್ಯೂಷನ್ ಮಾತ್ರ. ಡಬ್ಬಿ ಮೂರು ತಿಂಗಳಿಗೊಮ್ಮೆ ಬದಲಿಸಬೇಕು. ಲೆನ್ಸ್ ಹಾಕಿಕೊಂಡು ಕೆರೆ, ಹೊಳೆಯಲ್ಲಿ ಈಜಬಾರದು.

ಮೆಣಸಿನಕಾಯಿ ಬಿಡಿಸಿದ ಕೈ ಸೋಪು ಹಾಕಿ ತೊಳೆದರೂ ಉರಿ ಬಿಡದು, ಅಂಥ ಕೆಲಸಕ್ಕೆ ಮೊದಲೇ ಲೆನ್ಸ್ ತೆಗೆಯಬೇಕು. ಅಡಿಕೆಗೆ, ಕಾಫಿಗೆ ಬೋರ್ಡೋ ದ್ರಾವಣ ಸಿಂಪಡಿಸುವಾಗಲೂ ಹಾಗೇ. ಬೈಕಿನಲ್ಲಿ ಹೋಗುವಾಗ ಹೆಲ್ಮೆಟ್ಟಿನ ಗಾಜು ಇಳಿಸಿರಬೇಕು. ಗಟ್ಟಿ ಲೆನ್ಸಿನ ಕೆಳಗೆ ಹೊಕ್ಕ ಒಂದು ಧೂಳಿನ ಕಣ ಕಾರ್ನಿಯಾದ ಮೇಲೆ ಗೀರು ಎಳೆಯುತ್ತದೆ.

ಮರುತಪಾಸಣೆಯಲ್ಲಿ ಕಾಣುವ ತೊಂದರೆಗಳು

ಒಂದು ವಾರ, ಒಂದು ತಿಂಗಳು, ಮೂರು ತಿಂಗಳು, ಆಮೇಲೆ ಆರು ತಿಂಗಳಿಗೊಮ್ಮೆ. ಕನಿಷ್ಠ 4 ಗಂಟೆ ಲೆನ್ಸ್ ಹಾಕಿಕೊಂಡೇ ಬರಲು ಹೇಳಿ. ಲೆನ್ಸನ್ನು ಜೇಬಿನಲ್ಲಿಟ್ಟುಕೊಂಡು ಬಂದವರಲ್ಲಿ ಏನೂ ತಿಳಿಯುವುದಿಲ್ಲ.

ಹೆಚ್ಚಾಗಿ ಕಾಣುವುದು ಗಡಿಯಾರದ 3 ಮತ್ತು 9ರ ಜಾಗದಲ್ಲಿ ಕಾರ್ನಿಯಾ ಒಣಗಿ ಫ್ಲೋರೆಸೀನ್ ಹಿಡಿಯುವುದು, ಪಕ್ಕದ ಬಿಳಿಗುಡ್ಡೆ ಕೆಂಪಾಗುವುದು. ಲೆನ್ಸ್ ಕೆಳಗೆ ನಿಂತಿರುವುದು, ಅಂಚು ದಪ್ಪ ಇರುವುದು, ಅರ್ಧಂಬರ್ಧ ಮಿಟುಕಿಸುವುದು ಕಾರಣ. ಮೊದಲು ಲೆನ್ಸ್ ಮೇಲೆ ನಿಲ್ಲುವಂತೆ ಮಾಡಿ, ಅಂಚು ತೆಳು ಮಾಡಿಸಿ. ಪೂರ್ತಿ ಮಿಟುಕಿಸುವ ಅಭ್ಯಾಸ ಕಲಿಸಿ. ಪ್ರಿಸರ್ವೇಟಿವ್ ಇಲ್ಲದ ಕಣ್ಣೀರಿನ ಹನಿ ಜೊತೆಗಿರಲಿ, ಆದರೆ ಹನಿಯಿಂದಲೇ ಇದು ಹೋಗದು.

ಬೆಳಿಗ್ಗೆ ಲೆನ್ಸ್ ಅಲುಗದೆ ಅಂಟಿಕೊಂಡಿದ್ದು, ತೆಗೆದ ಮೇಲೆ ಕಾರ್ನಿಯಾದ ಮೇಲೆ ಬಳೆ ಗುರುತು ಉಳಿದರೆ ಹಾಕಿಕೊಂಡೇ ಮಲಗಿದ್ದರೇ ಎಂದು ಕೇಳಿ ತಿಳಿಯಿರಿ. ಅಂಟಿದ ಲೆನ್ಸನ್ನು ಎಳೆಯಬಾರದು, ಹನಿ ಹಾಕಿ ಕೆಳರೆಪ್ಪೆಯಿಂದ ಒತ್ತಿ ಸಡಿಲಿಸಿ ಆಮೇಲೆ ತೆಗೆಯಬೇಕು.

ಫಿಟ್ಟಿಂಗ್ ಚೆನ್ನಾಗಿದ್ದೂ ಓವರ್ ರಿಫ್ರಾಕ್ಷನ್‌ನಲ್ಲಿ ಹೊಸ ಸಿಲಿಂಡರ್ ಬಂದರೆ ಲೆನ್ಸ್ ಹಾಕಿರುವಾಗಲೇ ಕೆರಟೋಮೀಟರ್ ಇಡಿ. ರೀಡಿಂಗ್ ಗೋಳಾಕಾರ ಇಲ್ಲದಿದ್ದರೆ ಲೆನ್ಸ್ ಬಾಗುತ್ತಿದೆ: 0.05 ಫ್ಲ್ಯಾಟ್ ಮಾಡಿ, ಅಥವಾ ನಡುದಪ್ಪ 0.02ರಿಂದ 0.03 ಮಿ.ಮೀ. ಹೆಚ್ಚಿಸಿ. ಕಣ್ಣಿನಿಂದ ತೆಗೆದ ಮೇಲೂ ರೇಡಿಯಸ್ಕೋಪಿನಲ್ಲಿ ಎರಡು ರೀಡಿಂಗ್ ಬಂದರೆ ಲೆನ್ಸೇ ಸೊಟ್ಟಗಾಗಿದೆ. ಎರಡು ಬೆರಳ ನಡುವೆ ಹಿಸುಕಿ ತೊಳೆಯುವವರಲ್ಲಿ ಹೀಗಾಗುತ್ತದೆ. ಅಂಗೈಯಲ್ಲಿಟ್ಟು ಕಿರುಬೆರಳಿನಿಂದ ತಿಕ್ಕಲು ತೋರಿಸಿ, ಹೊಸ ಲೆನ್ಸ್ ಕೊಡಿ.

ಸಂಜೆ ಹೊತ್ತಿಗೆ ಮಂಜು ಕವಿಯುತ್ತದೆ ಎಂದರೆ ಬಹುತೇಕ ಪ್ರೋಟೀನ್ ಕಟ್ಟಿರುತ್ತದೆ. ವಾರಕ್ಕೊಮ್ಮೆ ಪ್ರೋಟೀನ್ ರಿಮೂವರ್ ಹಾಕಲು ಹೇಳಿ, ಗೀರುಗಳು ಜಾಸ್ತಿಯಾಗಿದ್ದರೆ ಬದಲಿಸಿ. ಲೆನ್ಸ್ ತೆಗೆದ ಮೇಲೂ ಕಣ್ಣು ಕೆಂಪು, ನೋವು, ಬೆಳಕು ಸೇರದಿರುವುದು, ದೃಷ್ಟಿ ಮಸುಕು, ಇವುಗಳಲ್ಲಿ ಯಾವುದು ಉಳಿದರೂ ಮರುದಿನಕ್ಕೆ ಕಾಯದೆ ನೇತ್ರ ತಜ್ಞರ ಬಳಿ ಹೋಗಬೇಕು. ಹೋಗುವಾಗ ಲೆನ್ಸನ್ನೂ ಡಬ್ಬಿಯನ್ನೂ ತೊಳೆಯದೆ ಹಾಗೇ ಜೊತೆಗೆ ಒಯ್ಯಲು ಹೇಳಿ, ಸೋಂಕು ಯಾವುದೆಂದು ಕಲ್ಚರ್ ಮಾಡಲು ಅವು ಬೇಕಾಗುತ್ತವೆ.